ರೆಕ್ಕೆಯ ನೆರಳಿನಲ್ಲಿ ಬಿಡಾರ

ವಿಮಾನ ಜಾತ್ರೆಗಳ ಲೋಕ, ಅದರಲ್ಲಿ ಸೊಲ್ಲಾಪುರದ ಪಾಲು ಮತ್ತು ಗಡಿನಾಡಿನ ಮಕ್ಕಳು

ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಪದ್ಧತಿ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಹಿರಿಯರಿಗೆ ಇನ್ನೂ ನೆನಪಿರುವ ಸಂಗತಿ. ಬುತ್ತಿ ಕಟ್ಟಿಕೊಂಡು ಊರಿನಿಂದ ಹೊರಟವರು ಬಯಲಿನಲ್ಲಿ ಎತ್ತು ಬಿಚ್ಚಿ, ಗೂಟ ಬಡಿದು ಕಟ್ಟಿ, ಚಕ್ಕಡಿಯ ಮಗ್ಗುಲಲ್ಲೇ ಒಲೆ ಹೂಡಿ, ರಾತ್ರಿ ಅದರ ಕೆಳಗೇ ಮಲಗುತ್ತಿದ್ದರು. ದೇವರ ದರ್ಶನಕ್ಕೆ ಒಂದು ಗಳಿಗೆ ಸಾಕು. ಉಳಿದ ಹೊತ್ತೆಲ್ಲ ಎತ್ತಿನ ತಳಿ, ಗಾಲಿಯ ಕಟ್ಟು, ಬೆಳೆಯ ಸಮಾಚಾರ ಇವುಗಳ ಮಾತುಕತೆಯಲ್ಲಿ ಕಳೆಯುತ್ತಿತ್ತು. ಒಕ್ಕಲುತನದ ಎಷ್ಟೋ ತಿಳಿವಳಿಕೆ ಊರಿಂದೂರಿಗೆ ಹಬ್ಬಿದ್ದು ಆ ಬಿಡಾರಗಳಿಂದಲೇ.

ಇದೇ ರೀತಿಯಲ್ಲಿ, ಚಕ್ಕಡಿಯ ಬದಲು ವಿಮಾನವನ್ನೇ ತಂದು, ಅದರ ರೆಕ್ಕೆಯ ಕೆಳಗೆ ಡೇರೆ ಹಾಕಿ ಒಂದು ವಾರ ತಂಗುವ ಜಾತ್ರೆಯೊಂದು ಜಗತ್ತಿನಲ್ಲಿದೆ. ಅದು ನಡೆಯುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಎಂಬ ಚಿಕ್ಕ ಪಟ್ಟಣದಲ್ಲಿ, ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ಭಾಗದಲ್ಲಿ. ಭಾರತದಲ್ಲಿ ಇದಕ್ಕೆ ಸಮೀಪವಾದ ಮೇಳವೆಂದರೆ ಬೆಂಗಳೂರಿನ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದರಿಂದ ಗಡಿನಾಡಿನ ಪಾಲಕರಿಗೂ ಮಕ್ಕಳಿಗೂ ಪ್ರಯೋಜನವಿದೆ. ಏಕೆಂದರೆ ಬೆಂಗಳೂರಿನ ವಿಮಾನ ವಿದ್ಯೆಯ ಬೇರಿನ ಒಂದು ಎಳೆ ಸೊಲ್ಲಾಪುರದ ಮಣ್ಣಿನಲ್ಲಿದೆ.

ಹತ್ತು ಸಾವಿರ ವಿಮಾನಗಳ ಜಾತ್ರೆ

ಪೌಲ್ ಪೊಬೆರೆಜ್ನಿ ಎಂಬಾತ 1953ರಲ್ಲಿ ಮಿಲ್ವಾಕೀ ನಗರದಲ್ಲಿ ಒಂದು ಸಂಘವನ್ನು ಕಟ್ಟಿದನು. ಮನೆಯ ಕೊಟ್ಟಿಗೆಯಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳನ್ನು ಒಂದುಗೂಡಿಸುವುದು ಅದರ ಉದ್ದೇಶ. ಅದೇ ವರ್ಷ ನಡೆದ ಮೊದಲ ಕೂಟಕ್ಕೆ ಬಂದವರು ಬೆರಳೆಣಿಕೆಯ ವಿಮಾನಗಳೊಡನೆ ನೂರೈವತ್ತಕ್ಕೂ ಕಡಮೆ ಜನ. ಕೂಟ ಬೆಳೆಯುತ್ತ ಹೋಗಿ 1970ರಲ್ಲಿ ಆಶ್‌ಕಾಶ್‌ನ ವಿಟ್‌ಮನ್ ವಿಮಾನ ನಿಲ್ದಾಣದಲ್ಲಿ ನೆಲೆ ನಿಂತಿತು. 2024ರ ಮೇಳಕ್ಕೆ ಬಂದವರ ಸಂಖ್ಯೆ ಸುಮಾರು 6,86,000. ಆ ವಾರ ಆಶ್‌ಕಾಶ್ ಮತ್ತು ಸುತ್ತಲಿನ ನಿಲ್ದಾಣಗಳಲ್ಲಿ ಇಳಿದ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು.

ಇವುಗಳಲ್ಲಿ ಬಹುಪಾಲು ಎರಡು ಅಥವಾ ನಾಲ್ಕು ಆಸನಗಳ ಪುಟ್ಟ ವಿಮಾನಗಳು. ಇಷ್ಟೊಂದು ವಿಮಾನಗಳು ಒಂದೇ ನಿಲ್ದಾಣಕ್ಕೆ ಒಟ್ಟಿಗೆ ಬಂದರೆ ಡಿಕ್ಕಿಯಾಗದೆ ಇಳಿಯುವುದು ಹೇಗೆ? ಅದಕ್ಕೊಂದು ಶಿಸ್ತು ಇದೆ. ಪೈಲಟ್‌ಗಳು ಮೊದಲು ರಿಪನ್ ಎಂಬ ಊರಿನ ಮೇಲೆ ಬಂದು, ಅಲ್ಲಿಂದ ನೆಲದ ಮೇಲಿನ ರೈಲು ಹಳಿಯನ್ನೇ ದಾರಿಯಾಗಿ ಹಿಡಿದು, ಫಿಸ್ಕ್ ಎಂಬ ಪುಟ್ಟ ಹಳ್ಳಿಯ ಕಡೆಗೆ ಸಾಲಾಗಿ ಹಾರುತ್ತಾರೆ. ಮುಂದಿನ ವಿಮಾನಕ್ಕೂ ಹಿಂದಿನದಕ್ಕೂ ಅರ್ಧ ಮೈಲಿಯ ಅಂತರ. ವೇಗ 90 ನಾಟ್, ಅಂದರೆ ಗಂಟೆಗೆ ಸುಮಾರು 165 ಕಿ.ಮೀ. ಎತ್ತರ ಸಮುದ್ರ ಮಟ್ಟದಿಂದ 1,800 ಅಡಿ. ಹೆಚ್ಚು ವೇಗದ ವಿಮಾನಗಳಿಗೆ ಅದಕ್ಕಿಂತ 500 ಅಡಿ ಮೇಲೆ ಬೇರೊಂದು ಸಾಲು.

ಫಿಸ್ಕ್ ಹಳ್ಳಿಯ ದಿನ್ನೆಯ ಮೇಲೆ ದುರ್ಬೀನು ಹಿಡಿದು ನಿಂತ ನಿಯಂತ್ರಕರು ಬರುವ ವಿಮಾನವನ್ನು ಅದರ ಬಣ್ಣ ಮತ್ತು ಆಕಾರದಿಂದಲೇ ಗುರುತಿಸಿ ರೇಡಿಯೊದಲ್ಲಿ ಕರೆಯುತ್ತಾರೆ. ಪೈಲಟ್ ಬಾಯಿಂದ ಉತ್ತರಿಸುವಂತಿಲ್ಲ. ಎಲ್ಲರೂ ಮಾತನಾಡತೊಡಗಿದರೆ ಯಾರ ಮಾತೂ ಕೇಳಿಸದು. ಆದ್ದರಿಂದ ಅವನು ವಿಮಾನದ ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ, ಹೇಳಿದ್ದು ತಿಳಿಯಿತೆಂದು ಸೂಚಿಸುತ್ತಾನೆ. ರನ್‌ವೇಯ ಮೇಲೆ ಬೇರೆ ಬೇರೆ ಬಣ್ಣಗಳ ದೊಡ್ಡ ಚುಕ್ಕೆಗಳನ್ನು ಬಳಿದಿರುತ್ತಾರೆ. ಒಬ್ಬನಿಗೆ ಹಸಿರು ಚುಕ್ಕೆಯ ಮೇಲೆ, ಅವನ ಹಿಂದಿನವನಿಗೆ ಇನ್ನೊಂದು ಚುಕ್ಕೆಯ ಮೇಲೆ ಇಳಿಯಲು ಅಪ್ಪಣೆಯಾಗುತ್ತದೆ. ಹೀಗೆ ಒಂದೇ ರನ್‌ವೇಯಲ್ಲಿ ಒಂದರ ಹಿಂದೊಂದು ವಿಮಾನಗಳು ಇಳಿಯುತ್ತವೆ. ಆ ಒಂದು ವಾರ ಜಗತ್ತಿನ ಅತ್ಯಂತ ದಟ್ಟಣೆಯ ನಿಯಂತ್ರಣ ಗೋಪುರವೆಂಬ ಹೆಸರು ಈ ಸಣ್ಣ ಊರಿನದಾಗುತ್ತದೆ.

ಇಳಿದ ಪೈಲಟ್ ಮುಂಗಾಜಿನಲ್ಲಿ ಒಂದು ಕಾಗದ ಹಿಡಿದಿರಬೇಕು. ಬಿಡಾರ ಹೂಡುವವನೆಂದು ಸೂಚಿಸುವ ಕೆಲವೇ ಅಕ್ಷರಗಳು ಅದರಲ್ಲಿರುತ್ತವೆ. ಅದನ್ನು ಕಂಡ ಸ್ವಯಂಸೇವಕರು ಕೈಸನ್ನೆಯಿಂದ ವಿಮಾನವನ್ನು ಹುಲ್ಲುಗಾವಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮೊದಲ ಕೆಲಸ ಗೂಟ ಬಡಿಯುವುದು. ಎತ್ತನ್ನು ಕಟ್ಟಿದಂತೆಯೇ ಎರಡೂ ರೆಕ್ಕೆಗಳಿಗೂ ಬಾಲಕ್ಕೂ ಹಗ್ಗ ಬಿಗಿದು ವಿಮಾನವನ್ನು ನೆಲಕ್ಕೆ ಕಟ್ಟಬೇಕು. ಹಗುರವಾದ ವಿಮಾನಕ್ಕೆ ಗಾಳಿಯೇ ಬಲ, ಗಾಳಿಯೇ ಶತ್ರು. ಬೇಸಗೆಯ ಬಿರುಗಾಳಿ ಎದ್ದರೆ ಕಟ್ಟದ ವಿಮಾನ ಮಗುಚಿ ಪಕ್ಕದ ಬಿಡಾರದ ಮೇಲೆ ಬಿದ್ದೀತು. ಅನಂತರವೇ ಡೇರೆ, ಒಲೆ, ಚಹ. ವಿಮಾನಗಳ ಮಗ್ಗುಲಲ್ಲಿಯೂ ಕಾರಿನಲ್ಲಿ ಬಂದವರ ಬಯಲಿನಲ್ಲಿಯೂ ಸೇರಿ ಸುಮಾರು 40 ಸಾವಿರ ಜನ ಹೀಗೆ ತಂಗುತ್ತಾರೆ.

ಮಧ್ಯಾಹ್ನದ ಆಕಾಶ ಪ್ರದರ್ಶನವನ್ನು ನೋಡಿ ಚಪ್ಪಾಳೆ ತಟ್ಟುವುದು ಅಲ್ಲಿನ ದಿನಚರಿಯ ಒಂದು ಭಾಗ ಮಾತ್ರ. ಬೆಳಗಿನ ಹೊತ್ತು ಲೋಹದ ತಗಡು ಜೋಡಿಸುವುದು, ಬೆಸುಗೆ ಹಾಕುವುದು, ರೆಕ್ಕೆಗೆ ಬಟ್ಟೆ ಹೊದಿಸುವುದು ಇವುಗಳ ಪಾಠ ನಡೆಯುತ್ತದೆ. ಮಕ್ಕಳೂ ಸುತ್ತಿಗೆ ಹಿಡಿಯುತ್ತಾರೆ. ಸಂಜೆ ಬಿಡಾರಗಳ ನಡುವೆ ಸುಳಿದಾಡುವವರು ವಿಮಾನದ ಒಡೆಯನನ್ನೇ ಪ್ರಶ್ನೆ ಕೇಳಬಹುದು.

ಯಲಹಂಕದ ಮೇಳ

ಏರೋ ಇಂಡಿಯಾ 1996ರಲ್ಲಿ ಆರಂಭವಾಯಿತು. ಯಲಹಂಕದ ವಾಯುಪಡೆ ನೆಲೆಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಈ ಮೇಳದ 15ನೆಯ ಆವೃತ್ತಿ 2025ರ ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ರಷ್ಯದ ಸು-57 ಮತ್ತು ಅಮೆರಿಕದ ಎಫ್-35 ಯುದ್ಧವಿಮಾನಗಳೆರಡೂ ಅಲ್ಲಿ ಒಂದೇ ಬಯಲಿನಲ್ಲಿ ಕಾಣಿಸಿಕೊಂಡವು. ಇದು ಮೂಲತಃ ರಕ್ಷಣಾ ಸಾಮಗ್ರಿಗಳ ವ್ಯಾಪಾರ ಮೇಳ. ಮೊದಲ ಮೂರು ದಿನ ಉದ್ಯಮದವರಿಗೆ, ಕೊನೆಯ ಎರಡು ದಿನ ಸಾರ್ವಜನಿಕರಿಗೆ ಎಂಬುದು 2025ರ ಏರ್ಪಾಡಾಗಿತ್ತು.

ಸೇನಾ ನೆಲೆಯಾದ್ದರಿಂದ ಇಲ್ಲಿ ಸ್ವಂತ ವಿಮಾನದಲ್ಲಿ ಬಂದಿಳಿಯುವುದಾಗಲಿ, ಡೇರೆ ಹಾಕಿ ತಂಗುವುದಾಗಲಿ ಸಾರ್ವಜನಿಕರಿಗೆ ಸಾಧ್ಯವಿಲ್ಲ. ಟಿಕೆಟ್ ಪಡೆದು ಒಳಗೆ ಹೋಗಿ, ಸಂಜೆಗೆ ಹೊರಬರಬೇಕು. ಆದರೆ ನಮ್ಮ ಮಕ್ಕಳಿಗೆ ಆಶ್‌ಕಾಶ್‌ನಲ್ಲಿ ಸಿಗದ ಒಂದು ವಿಶೇಷ ಇಲ್ಲಿದೆ. ತೇಜಸ್ ಯುದ್ಧವಿಮಾನ, ಧ್ರುವ್ ಹೆಲಿಕಾಪ್ಟರ್ ಮುಂತಾಗಿ ಬೆಂಗಳೂರಿನಲ್ಲಿಯೇ ರೂಪುಗೊಂಡ ಯಂತ್ರಗಳು ಇಲ್ಲಿ ಕಣ್ಣೆದುರು ಹಾರುತ್ತವೆ. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಧ್ರುವ್ 1992ರಲ್ಲಿ.

ಒಂಬತ್ತು ವಿಮಾನಗಳನ್ನು ಹಾರದ ಮಣಿಗಳಂತೆ ಹೊಂದಿಸಿ ಹಾರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು ಸೊಲ್ಲಾಪುರಕ್ಕೆ ದೂರವಲ್ಲದ ಬೀದರದಲ್ಲಿ, 1996ರಲ್ಲಿ. ಮೊದಲು ಅದು ಬಳಸುತ್ತಿದ್ದ ಕಿರಣ್ ವಿಮಾನವೂ ಬೆಂಗಳೂರಿನ ಕಾರ್ಖಾನೆಯದೇ. ಈ ಸೊಬಗಿನ ಹಿಂದಿರುವ ಅಪಾಯವನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. 2019ರ ಫೆಬ್ರವರಿ 19ರಂದು, ಮೇಳದ ಹಿಂದಿನ ದಿನದ ತಾಲೀಮಿನಲ್ಲಿ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ತೆತ್ತರು. ಅದೇ ಮೇಳದ ಫೆಬ್ರವರಿ 23ರಂದು ವಾಹನ ನಿಲ್ಲಿಸಿದ್ದ ಬಯಲಿನಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಸುಟ್ಟವು. ಫೆಬ್ರವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಜನ ಸೇರುವ ಬಯಲಿನಲ್ಲಿ ಎಚ್ಚರ ಎಷ್ಟಿದ್ದರೂ ಕಡಮೆಯೇ.

ಇನ್ನೊಂದು ಎಚ್ಚರ ಕುತೂಹಲಕರವಾದದ್ದು. 2025ರ ಮೇಳದ ಕಾಲಕ್ಕೆ ನೆಲೆಯ ಸುತ್ತಲಿನ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದ ಮಾರಾಟವನ್ನು ನಿಷೇಧಿಸಲಾಗಿತ್ತು. ಬೀದಿಗೆ ಬಿದ್ದ ಮಾಂಸದ ಚೂರಿಗೆ ಹದ್ದುಗಳು ಬರುತ್ತವೆ. ಹದ್ದು ವಿಮಾನದ ಎಂಜಿನ್ನಿಗೆ ಸಿಕ್ಕರೆ ಎರಡಕ್ಕೂ ಕೇಡು.

ಸೊಲ್ಲಾಪುರದಲ್ಲಿ ಹುಟ್ಟಿದವರು ಕಟ್ಟಿದ ಕಾರ್ಖಾನೆ

ಯಲಹಂಕದಲ್ಲಿ ಹಾರುವ ಸ್ವದೇಶಿ ವಿಮಾನಗಳ ತವರು ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ, ಅಂದರೆ ಎಚ್.ಎ.ಎಲ್. ಅದನ್ನು ಹಿಂದುಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ 1940ರ ಡಿಸೆಂಬರ್ 23ರಂದು ಸ್ಥಾಪಿಸಿದವರು ಸೇಠ್ ವಾಲಚಂದ್ ಹಿರಾಚಂದ್. 1882ರ ನವೆಂಬರ್ 23ರಂದು ಅವರು ಹುಟ್ಟಿದ್ದು ಸೊಲ್ಲಾಪುರದಲ್ಲಿ, ಗುಜರಾತಿ ಮನೆಮಾತಿನ ಜೈನ ಕುಟುಂಬವೊಂದರಲ್ಲಿ.

1939ರಲ್ಲಿ ಅಮೆರಿಕದಿಂದ ಪೂರ್ವಕ್ಕೆ ವಿಮಾನದಲ್ಲಿ ಬರುತ್ತಿದ್ದಾಗ ಅವರಿಗೆ ವಿಲಿಯಂ ಪಾಲಿ ಎಂಬ ವಿಮಾನ ಉದ್ಯಮಿಯ ಪರಿಚಯವಾಯಿತು. ಎರಡನೆಯ ಮಹಾಯುದ್ಧ ಆಗ ತಾನೇ ಆರಂಭವಾಗಿತ್ತು. ಭಾರತದಲ್ಲಿಯೇ ವಿಮಾನ ತಯಾರಿಸುವ ಯೋಜನೆ ಈ ಪರಿಚಯದಿಂದ ಮೊಳೆಯಿತು. ಕಾರ್ಖಾನೆಗೆ ನೆಲೆ ಹುಡುಕುತ್ತಿದ್ದ ಅವರಿಗೆ ಮೈಸೂರು ಸಂಸ್ಥಾನ ಭೂಮಿಯನ್ನೂ ಬಂಡವಾಳದ ನೆರವನ್ನೂ ನೀಡಿತು. 1941ರಲ್ಲಿಯೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಮರುವರ್ಷ ಸರಕಾರ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವಾಲಚಂದರ ಕೈ ಅದರಿಂದ ಬಿಟ್ಟುಹೋಯಿತು; ಅವರು ಊರಿದ ಬೀಜ ಬೆಂಗಳೂರಿನಲ್ಲಿ ಉಳಿದು ಮರವಾಯಿತು. 1951ರಲ್ಲಿ ಎಚ್.ಟಿ.-2 ತರಬೇತಿ ವಿಮಾನ, 1961ರಲ್ಲಿ ಮಾರುತ್ ಯುದ್ಧವಿಮಾನ, 1964ರಲ್ಲಿ ಕಿರಣ್ ಹೀಗೆ ಸ್ವಂತ ವಿನ್ಯಾಸಗಳು ಒಂದೊಂದಾಗಿ ಆಕಾಶಕ್ಕೇರಿದವು.

ಮರಾಠಿ, ಕನ್ನಡ, ತೆಲುಗು ಮೂರೂ ಬೀದಿಯಲ್ಲಿ ಕೇಳುವ ಊರಿನಲ್ಲಿ ಹುಟ್ಟಿ, ಮನೆಯಲ್ಲಿ ನಾಲ್ಕನೆಯ ಭಾಷೆ ಆಡಿದ ವ್ಯಕ್ತಿಯೊಬ್ಬರು ಕನ್ನಡ ನಾಡಿನ ರಾಜಧಾನಿಯಲ್ಲಿ ಈ ಉದ್ಯಮಕ್ಕೆ ಅಡಿಗಲ್ಲಾದರು. ಈ ಸಂಗತಿಯನ್ನು ಸೊಲ್ಲಾಪುರ ಜಿಲ್ಲೆಯ ಪ್ರತಿಯೊಂದು ಕನ್ನಡ ಶಾಲೆಯ ಮಗುವೂ ತಿಳಿದಿರಬೇಕು.

ಕನ್ನಡ ಶಾಲೆಯಿಂದ ಆಕಾಶಕ್ಕೆ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಪಾಲಕರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇದೆ: ಕನ್ನಡ ಮಾಧ್ಯಮದಲ್ಲಿ ಓದಿದ ಮಗು ವಿಮಾನದ ತನಕ ಹೋದೀತೆ? ಇದಕ್ಕೆ ಅಭಿಮಾನದ ಮಾತಿಗಿಂತ ನಿಯಮದ ಮಾತೇ ಒಳ್ಳೆಯ ಉತ್ತರ. ಭಾರತದಲ್ಲಿ ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಮುಗಿದಿರಬೇಕು. ವೃತ್ತಿಪರ ಪರವಾನಗಿಗೆ 18 ವರ್ಷ, ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 200 ಗಂಟೆಗಳ ಹಾರಾಟ. ಶಾಲೆಯ ಮಾಧ್ಯಮ ಯಾವುದೆಂದು ಯಾವ ನಿಯಮವೂ ಕೇಳುವುದಿಲ್ಲ. ವಿಮಾನ ದುರಸ್ತಿಯ ಎಂಜಿನಿಯರಿಂಗ್ ಶಿಕ್ಷಣಕ್ಕೂ ವಿಜ್ಞಾನ ಶಾಖೆಯ ಹನ್ನೆರಡನೆಯ ತರಗತಿಯೇ ಬಾಗಿಲು. ಐ.ಟಿ.ಐ. ಮುಗಿಸಿದವರಿಗೆ ಎಚ್.ಎ.ಎಲ್.ನಲ್ಲಿ ಅಪ್ರೆಂಟಿಸ್ ತರಬೇತಿಯ ದಾರಿಯಿದೆ.

ಆದರೆ ಎರಡು ಕಠಿಣ ಸತ್ಯಗಳನ್ನು ಮರೆಯಬಾರದು. ಮೊದಲನೆಯದು, ಅಂತರರಾಷ್ಟ್ರೀಯ ಹಾರಾಟದ ರೇಡಿಯೊ ಭಾಷೆ ಇಂಗ್ಲಿಷ್. ಅದರಲ್ಲಿ ನಿಗದಿತ ಮಟ್ಟದ ಪರೀಕ್ಷೆ ಪಾಸಾಗಲೇಬೇಕು. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಹೊಣೆ ಕನ್ನಡ ಶಾಲೆಯ ಮೇಲೂ ಇದೆ. ಎರಡನೆಯದು, ಪೈಲಟ್ ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ವೆಚ್ಚವಾಗುತ್ತದೆ. ರೈತ ಹಾಗೂ ನೇಕಾರ ಕುಟುಂಬಗಳಿಗೆ ನಿಜವಾದ ತಡೆ ಭಾಷೆಗಿಂತ ಇದೇ. ಆದ್ದರಿಂದ ಸಾಲ ಮತ್ತು ವಿದ್ಯಾರ್ಥಿವೇತನಗಳ ವಿಚಾರಣೆ ಹತ್ತನೆಯ ತರಗತಿಯಲ್ಲಿಯೇ ಆರಂಭವಾಗಬೇಕು. ತರಬೇತಿಯ ಸ್ಥಳಗಳಂತೂ ದೂರವಿಲ್ಲ. ಬಾರಾಮತಿಯಲ್ಲಿಯೂ ಕಲಬುರಗಿಯಲ್ಲಿಯೂ ವಿಮಾನ ಚಾಲನೆ ಕಲಿಸಲಾಗುತ್ತದೆ.

ಮೇಳಕ್ಕೆ ಹೋಗುವವರಿಗೆ

ಎರಡು ವರ್ಷಗಳ ಲೆಕ್ಕದಂತೆ ಏರೋ ಇಂಡಿಯಾದ ಮುಂದಿನ ಸರದಿ 2027ರದು. ಸೊಲ್ಲಾಪುರದಿಂದ ಕಲಬುರಗಿ, ರಾಯಚೂರು, ಗುಂತಕಲ್ ಮಾರ್ಗವಾಗಿ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರು ಮುಟ್ಟುವ ಮೊದಲು ಯಲಹಂಕವನ್ನೇ ಹಾಯುತ್ತದೆ. ಒಂದು ರಾತ್ರಿಯ ಪ್ರಯಾಣ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಾಕು. ವಿಮಾನದಲ್ಲಿ ಹೋಗುವವರು ಮೇಳದ ದಿನಗಳಲ್ಲಿ ದೇವನಹಳ್ಳಿಯ ನಿಲ್ದಾಣದ ವೇಳಾಪಟ್ಟಿ ಬದಲಾಗುತ್ತದೆಂಬುದನ್ನು ನೆನಪಿಡಬೇಕು. ಆಕಾಶದ ಕಸರತ್ತು ನಡೆಯುವ ಹೊತ್ತಿನಲ್ಲಿ ಅಲ್ಲಿನ ಹಾರಾಟವನ್ನು ನಿಲ್ಲಿಸಿರುತ್ತಾರೆ. ಟೊಪ್ಪಿಗೆ, ಮಕ್ಕಳ ಕಿವಿಗೆ ಹತ್ತಿ, ಒಂದು ನೋಟುಪುಸ್ತಕ ಜೊತೆಗಿರಲಿ. ಟಿಕೆಟ್ ಮೊದಲೇ ಕಾಯ್ದಿರಿಸಿ, ಸಾಧ್ಯವಾದಷ್ಟು ಬೇಗ ಒಳಸೇರುವುದು ಲೇಸು; ಯಲಹಂಕದ ರಸ್ತೆಗಳು ಆ ದಿನಗಳಲ್ಲಿ ಕಿಕ್ಕಿರಿದಿರುತ್ತವೆ. ಮೇಳವಿಲ್ಲದ ವರ್ಷಗಳಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್ ಮುಂತಾದ ವಿಮಾನಗಳನ್ನು ಗದ್ದಲವಿಲ್ಲದೆ ಹತ್ತಿರದಿಂದ ನೋಡಬಹುದು.

ಅಷ್ಟು ದೂರ ಹೋಗಲಾಗದವರಿಗೆ ಮನೆಯ ಬಾಗಿಲಲ್ಲೇ ಪಾಠವಿದೆ. ಸೊಲ್ಲಾಪುರದ ಹೋಟಗಿ ರಸ್ತೆಯ ನಿಲ್ದಾಣದ ಹಾರುದಾರಿಗೆ ಅಡ್ಡವೆನಿಸಿದ್ದ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಲಾಯಿತು. 2024ರ ಸೆಪ್ಟೆಂಬರ್ 29ರಂದು ನವೀಕೃತ ನಿಲ್ದಾಣದ ಉದ್ಘಾಟನೆಯಾಯಿತು. 2025ರ ಜೂನ್‌ನಲ್ಲಿ ಗೋವಾಕ್ಕೆ ವಿಮಾನ ಹಾರಿತು. ಅಷ್ಟು ಎತ್ತರದ ಚಿಮಣಿ ವಿಮಾನಕ್ಕೆ ಏಕೆ ತೊಡಕು, ವಿಮಾನ ಗಾಳಿಗೆ ಎದುರಾಗಿ ಏಕೆ ಇಳಿಯುತ್ತದೆ, ರನ್‌ವೇಯ ಅಂಚಿನಲ್ಲಿ ಬರೆದ ಅಂಕಿಗಳು ಯಾವ ದಿಕ್ಕನ್ನು ಹೇಳುತ್ತವೆ, ಈ ಮೂರು ಪ್ರಶ್ನೆಗಳನ್ನು ಎಂಟನೆಯ ತರಗತಿಯ ವಿಜ್ಞಾನದ ಶಿಕ್ಷಕರು ಮಕ್ಕಳ ಮುಂದಿಡಲಿ. ಉತ್ತರವನ್ನು ಕನ್ನಡದಲ್ಲಿಯೇ ಹುಡುಕಿ ಬರೆಯುವ ಮಗುವಿಗೆ ಯಲಹಂಕದ ಬಯಲು ಬರಿಯ ತಮಾಷೆಯಾಗಿ ಕಾಣುವುದಿಲ್ಲ.