ಕುಡಿದಿದ್ದಾನೆ ಅನ್ನೋ ಮೊದಲು ಬೆರಳು ಚುಚ್ಚಿ

ಗೋಗಿ ಅಂದ ತಕ್ಷಣ ನಮ್ಮಂಥ ಚಾನೆಲ್‌ನವರಿಗೆ ನೆನಪಾಗೋದು ಯುರೇನಿಯಂ. ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನ ಈ ಊರಿನ ನೆಲದಡಿ ಏನಿದೆ ಅಂತ ಸಾಕಷ್ಟು ಚರ್ಚೆಯಾಗಿದೆ. ಇವತ್ತು ನೆಲದಡಿಯ ಮಾತು ಬೇಡ. ಅಲ್ಲಿನ ಮನುಷ್ಯರ ಮೈಯೊಳಗಿನ ಮಾತಾಡೋಣ.

ಒಂದು ರಾತ್ರಿ ಹೀಗಾಯ್ತು ಅಂತಿಟ್ಟುಕೊಳ್ಳಿ. ಹೊಲದಿಂದ ಬಂದ ಐವತ್ತರ ಗಂಡಸು ಕಟ್ಟೆ ಮೇಲೆ ಬಿದ್ದಿದ್ದಾನೆ. ಮೈಯೆಲ್ಲ ಬೆವರು, ಮಾತು ತೊದಲು. ಜನ ಏನಂತಾರೆ? “ಕುಡದಾನ ಬಿಡ್ರಿ, ಮಕ್ಕೊಂಡ್ರ ಇಳೀತದ.” ಪಕ್ಕದ ಓಣಿಯಲ್ಲಿ ಹದಿನೈದರ ಹುಡುಗಿ. ವಾಂತಿ, ಹೊಟ್ಟೆನೋವು, ಏದುಸಿರು. ಅಲ್ಲೊಬ್ಬರು, “ಗಾಳಿ ಸೋಕೇದ, ದರ್ಗಾಕ್ಕ ಕರ್ಕೊಂಡು ಹೋಗ್ರಿ” ಅಂತಾರೆ. ಹೋಗಿ ಸ್ವಾಮಿ, ಬೇಡ ಅನ್ನಲ್ಲ. ಆದರೆ ಮೊದಲು ದವಾಖಾನೆಗೆ ಹೋಗಿ. ಯಾಕಂದ್ರೆ ಆತ ಕುಡಿದಿಲ್ಲ, ಆಕೆಗೆ ಗಾಳಿ ಸೋಕಿಲ್ಲ. ಇಬ್ಬರದೂ ಸಕ್ರಿ ಬ್ಯಾನಿ. ಒಬ್ಬರಿಗೆ ಸಕ್ಕರೆ ಪಾತಾಳಕ್ಕಿಳಿದಿದೆ, ಇನ್ನೊಬ್ಬರಿಗೆ ಆಕಾಶಕ್ಕೇರಿದೆ. ಯಾರಿಗೆ ಯಾವುದು ಅಂತ ಹೇಳೋದು ಬೆರಳ ತುದಿಯ ಒಂದು ಹನಿ ರಕ್ತ. ಬೇಕಾಗೋದು ಒಂದೇ ನಿಮಿಷ.

ಮೊದಲು ಆತನ ವಿಚಾರ. ಬೆಳಗ್ಗೆ ಶುಗರ್ ಮಾತ್ರೆ ನುಂಗಿದ್ದಾನೆ, ಮಧ್ಯಾಹ್ನ ರೊಟ್ಟಿ ತಿಂದಿಲ್ಲ, ಬಿಸಿಲಲ್ಲಿ ದುಡಿದಿದ್ದಾನೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, 54ಕ್ಕಿಂತ ಕೆಳಗಿಳಿದರೆ ಅಪಾಯ. ಮಿದುಳಿಗೆ ಸಕ್ಕರೆಯೇ ಉರುವಲು. ಅದು ಸಿಗದಿದ್ದಾಗ ನಾಲಿಗೆ ತೊದಲುತ್ತೆ, ಫಿಟ್ಸ್ ಬರುತ್ತೆ, ಪ್ರಜ್ಞೆ ತಪ್ಪುತ್ತೆ. ಎಚ್ಚರ ಇದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತೆ. ಆಗ ಬೇಕಾಗೋದು ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್. ಶೇ 25ರ ದ್ರಾವಣ ನೂರು ಮಿಲಿ ಹೋಗುವಷ್ಟರಲ್ಲಿ ಎಷ್ಟೋ ಜನ ಕಣ್ಣು ಬಿಡುತ್ತಾರೆ. ಎದ್ದು ಕೂತ ಅಂತ ಮನೆಗೆ ಕಳಿಸಿಬಿಟ್ಟರೆ ಮಾತ್ರ ಎಡವಟ್ಟು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳ ಪ್ರಭಾವ ಬೇಗ ಇಳಿಯಲ್ಲ. ಕಿಡ್ನಿ ಸೋತವರಲ್ಲಂತೂ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತೆ. ಅಂಥವರನ್ನು ಒಂದು ಹಗಲು, ಒಂದು ರಾತ್ರಿ ಕಾಯಬೇಕು.

ಇನ್ನು ಆ ಹುಡುಗಿ. ಮೈಯಲ್ಲಿ ಇನ್ಸುಲಿನ್ ಇಲ್ಲ. ರಕ್ತದ ತುಂಬ ಸಕ್ಕರೆ ಇದ್ದರೂ ಜೀವಕೋಶಕ್ಕೆ ಅದು ಸಿಗಲ್ಲ. ಹಸಿದ ದೇಹ ಕೊಬ್ಬು ಸುಡುತ್ತೆ, ಸುಟ್ಟಿದ್ದರಿಂದ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತೆ. ಅದನ್ನು ಹೊರಹಾಕಲಿಕ್ಕೇ ಆ ಏದುಸಿರು. ಉಸಿರಲ್ಲಿ ಕೊಳೆತ ಹಣ್ಣಿನ ವಾಸನೆ ಬರಬಹುದು. ವಾರದಿಂದ ಸಿಕ್ಕಾಪಟ್ಟೆ ಬಾಯಾರಿಕೆ, ಪದೇ ಪದೇ ಮೂತ್ರ, ಮೈ ಸೊರಗಿದ್ದು: ಇವೆಲ್ಲ ಮುನ್ಸೂಚನೆಗಳು.

ಇಲ್ಲೇ ನಮ್ಮ ಜನ ಎಡವೋದು. “ಸುಸ್ತಾಗೇದ, ಒಂದು ಗ್ಲೂಕೋಸ್ ಬಾಟ್ಲಿ ಹಚ್ರಿ” ಅಂತ ದುಂಬಾಲು ಬೀಳ್ತಾರೆ. ಪರೀಕ್ಷೆ ಮಾಡದೆ ಹಚ್ಚಿದರೆ ಉರಿಯೋ ಬೆಂಕಿಗೆ ಎಣ್ಣೆ! ಆಕೆಗೆ ಮೊದಲು ಬೇಕಾದದ್ದು ಉಪ್ಪುನೀರಿನ ಸಲೈನ್. ದೊಡ್ಡವರಿಗೆ ಮೊದಲ ಗಂಟೆಯಲ್ಲಿ ಲೀಟರ್‌ನಷ್ಟು ಹೋಗಬಹುದು. ಮಕ್ಕಳಿಗೆ ತೂಕ ನೋಡಿ, ಲೆಕ್ಕ ಹಾಕಿ ಕೊಡಬೇಕು. ಇಲ್ಲದಿದ್ದರೆ ಮಿದುಳಿಗೆ ಬಾವು ಬರುವ ಅಪಾಯ. ಇನ್ಸುಲಿನ್‌ಗೆ ಮುಂಚೆ ಪೊಟ್ಯಾಸಿಯಂ ನೋಡಬೇಕು. ಇನ್ಸುಲಿನ್ ಅದನ್ನು ಜೀವಕೋಶದೊಳಕ್ಕೆ ತಳ್ಳುತ್ತೆ. ಮೊದಲೇ ಕಡಿಮೆ ಇದ್ದರೆ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ 250ರ ಹತ್ತಿರ ಇಳಿದಾಗಲೂ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಆಮ್ಲ ಇನ್ನೂ ಹೋಗಿರಲ್ಲ. ಗ್ಲೂಕೋಸ್ ಬಾಟಲಿ ಸೇರಿಸೋದು ಆಗ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮೊದಲು ಇಂಥ ಮಕ್ಕಳಿಗೆ ಸಾವೊಂದೇ ಗತಿಯಾಗಿತ್ತು. ನೂರು ವರ್ಷ ದಾಟಿದ ಮೇಲೂ ಗುರುತು ಹಿಡಿಯದೆ ಒಂದು ಮಗು ಸತ್ತರೆ ಯಾರನ್ನು ಕೇಳೋಣ?

ಮೂರನೆಯದ್ದು ಸಕ್ಕರೆಯದ್ದಲ್ಲ. ಮೊಣಕಾಲು ನೋವಿಗೆ, ದಮ್ಮಿಗೆ ಅಂತ ವರ್ಷಗಟ್ಟಲೆ ಯಾರೋ ಕೊಟ್ಟ ಮಾತ್ರೆ ನುಂಗುವ ಅಜ್ಜಿ ನಿಮ್ಮ ಮನೆಯಲ್ಲೂ ಇರಬಹುದು. ಅದರಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇದ್ದರೆ, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತುಬಿಡುತ್ತೆ. ಮಾತ್ರೆ ಥಟ್ಟನೆ ನಿಲ್ಲಿಸಿದರೆ, ಅಥವಾ ಮೇಲೊಂದು ಜ್ವರ ಬಂದರೆ, ವಾಂತಿ, ನಿತ್ರಾಣ, ಪಾತಾಳಕ್ಕಿಳಿದ ಬಿಪಿ. ಬಾಟಲಿ ಮೇಲೆ ಬಾಟಲಿ ಹಚ್ಚಿದರೂ ಬಿಪಿ ಏಳಲ್ಲ. ಅಂಥ ಅನುಮಾನ ಬಂದರೆ ಲ್ಯಾಬ್ ವರದಿಗೆ ಕಾಯುವ ಹಾಗಿಲ್ಲ. ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ತಕ್ಷಣ, ಜೊತೆಗೆ ಸಲೈನ್. ಅದಕ್ಕೇ ಹೇಳೋದು, ಅಜ್ಜಿಯ ಜೊತೆ ಮಾತ್ರೆ ಚೀಟಿಯನ್ನೂ ಒಯ್ಯಿರಿ.

ಥೈರಾಯ್ಡ್ ಕೂಡ ಹೀಗೆ ಮೋಸ ಮಾಡುತ್ತೆ. ಅದು ಕೆರಳಿದರೆ ಕಡುಜ್ವರ, ನಾಗಾಲೋಟದ ನಾಡಿ, ಬಡಬಡಿಕೆ. ಸೋತು ಮಲಗಿದರೆ ತಣ್ಣಗಾದ ಮೈ, ನಿಧಾನದ ನಾಡಿ, ಎಬ್ಬಿಸಿದರೂ ಏಳದ ಮಂಪರು. ಎರಡಕ್ಕೂ ಐಸಿಯು ಬೇಕು. ಕತ್ತು ಮುಟ್ಟಿ ನೋಡಿ, ಥೈರಾಯ್ಡ್ ಮಾತ್ರೆ ಬಿಟ್ಟರಾ ಅಂತ ಕೇಳುವ ಡಾಕ್ಟರ್ ಅರ್ಧ ಗೆದ್ದಂತೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಇದು ಬೆಂಗಳೂರಿನ ಎಸಿ ರೂಮಿನವರ ಕಾಯಿಲೆಯಷ್ಟೇ ಅಂತ ಇನ್ನೂ ಅಂದುಕೊಂಡಿದ್ದೀರಾ?

ಗೋಗಿಯ ಮಣ್ಣಲ್ಲಿ ಆದಿಲ್ ಶಾಹಿ ಸುಲ್ತಾನರ ಗೋರಿಗಳಿವೆ. ಆ ಬಾದಶಹರಿಗೂ ಒಂದು ಹನಿ ರಕ್ತದಲ್ಲಿ ಕಾಯಿಲೆ ತಿಳಿಯುವ ಭಾಗ್ಯ ಇರಲಿಲ್ಲ. ಇವತ್ತಿನ ಕೂಲಿಕಾರನಿಗೆ ಅದು ಇರಲೇಬೇಕು. ಗ್ಲೂಕೋಮೀಟರ್ ಮತ್ತದರ ಸ್ಟ್ರಿಪ್, ಡೆಕ್ಸ್‌ಟ್ರೋಸ್, ಸಲೈನ್, ಹೈಡ್ರೋಕಾರ್ಟಿಸೋನ್. ಇದೇನು ಕೋಟಿ ಬಾಳುವ ಯಂತ್ರ ಅಲ್ಲ. ನಾಳೆ ನಿಮ್ಮೂರ ಸರ್ಕಾರಿ ದವಾಖಾನೆಗೆ ಹೋಗಿ ಕೇಳಿ: “ಇವೆಲ್ಲ ಅದಾವೇನ್ರೀ? ರಾತ್ರಿ ಬಂದ್ರೂ ಸಿಗ್ತಾವೇನ್ರೀ?” ಇಲ್ಲ ಅಂದ್ರೆ ನಿಮ್ಮ ಶಾಸಕರನ್ನು ಕೇಳಿ. ಮತ್ತೆ ಯಾರಾದರೂ ಕಟ್ಟೆ ಮೇಲೆ ಬಿದ್ದಿದ್ದರೆ, ಬೈಯೋ ಮೊದಲು 108ಕ್ಕೆ ಫೋನ್ ಮಾಡಿ.