ಉದ್ದ ರೈಲಿಗೆ ಅಗಲ ಕಣ್ಣು

ಮಕ್ಕಳೇ, ಒಂದು ಗಾಜಿನ ಲೋಟದ ತುಂಬ ನೀರು ಹಾಕಿ, ಅದರ ಹಿಂದೆ ಹತ್ತಿರದಲ್ಲೇ ಈ ಪುಟವನ್ನು ಹಿಡಿದು ನೋಡಿ. ಅಕ್ಷರಗಳ ಎತ್ತರ ಇದ್ದಷ್ಟೇ ಇರುತ್ತದೆ, ಅಗಲ ಮಾತ್ರ ಹಿಗ್ಗುತ್ತದೆ. ಲೋಟದ ಗಾಜು ಅಡ್ಡಡ್ಡಕ್ಕೆ ಬಾಗಿದೆ, ಮೇಲಿನಿಂದ ಕೆಳಕ್ಕೆ ನೇರವಾಗಿದೆ. ಅದಕ್ಕೇ ಹೀಗೆ. ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ಗುಟ್ಟೂ ಇದೇ.

ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲಿ ಹೀಗೆ ಒಂದೇ ದಿಕ್ಕಿಗೆ ಬಾಗಿದ ಗಾಜುಗಳಿಂದ ಒಂದು ಲೆನ್ಸ್ ಮಾಡಿದರು. ಅದು ಅಗಲವಾದ ನೋಟವನ್ನು ಅಡ್ಡಡ್ಡಕ್ಕೆ ಅರ್ಧದಷ್ಟು ಅಮುಕಿ ಮಾಮೂಲಿ ಫಿಲ್ಮಿನೊಳಗೆ ಕೂರಿಸುತ್ತಿತ್ತು. ಟಾಕೀಸಿನ ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಬಿಡಿಸುತ್ತಿತ್ತು. ಇದಕ್ಕೆ ಅನಾಮಾರ್ಫಿಕ್ ಲೆನ್ಸ್ ಎಂದು ಹೆಸರು. ಹಾಲಿವುಡ್ಡಿನ ಮೊದಲ ಸಿನಿಮಾಸ್ಕೋಪ್ ಚಿತ್ರ 1953ರ ‘ದಿ ರೋಬ್’. ನಮ್ಮ ದೇಶದ್ದು 1959ರ ‘ಕಾಗಜ್ ಕೆ ಫೂಲ್’. ಅದರ ಕ್ಯಾಮೆರಾ ಹಿಂದೆ ಇದ್ದವರು ಮೈಸೂರಿನ ವಿ.ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಕನ್ನಡಕ್ಕೆ ಸಿನಿಮಾಸ್ಕೋಪ್ ತಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’. ಅದನ್ನು ಟಾಕೀಸಿನಲ್ಲಿ ಕಂಡಿದ್ದಾರಾ ಎಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ.

ನನ್ನ ಕಸುಬೂ ಛಾಯಾಗ್ರಹಣವೇ. ಮೇ ಕೊನೆಯಲ್ಲಿ ಸೋವಿಯತ್ ಕಾಲದ ಲೋಮೊ ಅನಾಮಾರ್ಫಿಕ್ ಲೆನ್ಸೊಂದನ್ನು ಬಾಡಿಗೆಗೆ ತಂದು, ಡಿಜಿಟಲ್ ಸಿನಿಮಾ ಕ್ಯಾಮೆರಾಕ್ಕೆ ಹಾಕಿಕೊಂಡು, ಖಾನಾಪುರ ತಾಲ್ಲೂಕಿನ ಲೋಂಡಾಕ್ಕೆ ಹೋಗಿದ್ದೆ. ಧಾರವಾಡ, ಬೆಳಗಾವಿ, ಗೋವಾ, ಮೂರೂ ಕಡೆಯ ಹಳಿಗಳು ಕೂಡುವ ಊರು ಅದು. ಹಳಿಯ ಪಕ್ಕದ ಮನೆಯೊಂದರಲ್ಲಿ ಗ್ಯಾಂಗ್‌ಮನ್ ಆಗಿದ್ದವರ ಹೆಂಡತಿ ಒಬ್ಬರೇ ಇದ್ದರು. ಮಳೆ ಹಿಡಿಯುವ ಮೊದಲು ಮನೆ ಖಾಲಿ ಮಾಡಿ ಮಗನ ಜೊತೆ ಪುಣೆಗೆ ಹೊರಡುವವರು. ತಾನು, ತನ್ನ ಕಟ್ಟೆ, ಹಾದು ಹೋಗುವ ರೈಲು ಮೂರೂ ಒಂದೇ ಚಿತ್ರದಲ್ಲಿ ಇರಬೇಕು ಎಂಬುದಷ್ಟೇ ಅವರ ಆಸೆ.

ಮೊಬೈಲಿನಲ್ಲೂ ಅಗಲ ಚಿತ್ರ ಬರುತ್ತದೆ, ಮೇಲೆ ಕೆಳಗೆ ಕತ್ತರಿಸಿದರಾಯಿತು. ಆದರೆ ಈಗಿನ ಕ್ಯಾಮೆರಾ ಎಲ್ಲವನ್ನೂ ತೀರ ಚೊಕ್ಕವಾಗಿ ಕಾಣುತ್ತದೆ. ಹಳೆಯ ಗಾಜು ಅಂಚನ್ನು ತುಸು ಮಸುಕಾಗಿಸುತ್ತದೆ, ದೂರದ ದೀಪಗಳನ್ನು ಮೊಟ್ಟೆಯಂತೆ ಉದ್ದ ಮಾಡುತ್ತದೆ. ಎಲ್ಲ ಸಿನಿಮಾಕ್ಕೂ ಇದು ಬೇಕೆನ್ನುವವರನ್ನು ನಾನು ಒಪ್ಪುವುದಿಲ್ಲ. ಟಾಕೀಸು ನೋಡಿ ಬೆಳೆದ ಅಜ್ಜಿಗೆ ಮಾತ್ರ ಇದೇ ಸರಿ ಅನ್ನಿಸಿತು.

ಅಗಲ 4 ಪಾಲು, ಎತ್ತರ 3 ಪಾಲು ಇರುವ ಸೆನ್ಸರ್‌ನ ಕ್ಯಾಮೆರಾ ಬೇಕಾಗುತ್ತದೆ. ಎರಡು ಪಟ್ಟು ಬಿಡಿಸಿದಾಗ ಅಗಲ 8 ಆಗುತ್ತದೆ. ಪಕ್ಕಗಳನ್ನು ಚೂರು ಕತ್ತರಿಸಿದರೆ ಸಿನಿಮಾಸ್ಕೋಪ್ ಅಳತೆ. ಬಿಡಿಸುವ ಮೊದಲು ಪರದೆಯಲ್ಲಿ ಅಜ್ಜಿ ಬಿದಿರಿನ ಗಳುವಿನಂತೆ ಕಂಡರು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮುಖದ ಹತ್ತಿರ ಹೋದರೆ ಇದಕ್ಕೆ ಉಲ್ಟಾ. ಹತ್ತಿರದಲ್ಲಿ ಹಳೆಯ ಲೆನ್ಸ್ ಪೂರ್ತಿ ಎರಡು ಪಟ್ಟು ಅಮುಕುವುದಿಲ್ಲ, ಬಿಡಿಸುವಾಗ ಮಾತ್ರ ಎರಡು ಪಟ್ಟು ಬಿಡಿಸುತ್ತೇವೆ. ಕೆನ್ನೆ ಊದುತ್ತದೆ.

“ಏನೋ ತಮ್ಮಾ, ನನ್ನ ಮಾರಿ ಹೋಳಿಗಿ ಉಬ್ಬಿದಂಗ ಉಬ್ಬೇತಲ್ಲೋ!”

ಕ್ಯಾಮೆರಾವನ್ನು ಅಂಗಳದ ತುದಿಗೆ ಒಯ್ದೆ. ಎಡಕ್ಕೆ ಕಟ್ಟೆಯ ಮೇಲೆ ಅಜ್ಜಿ, ಬಲಕ್ಕೆ ಹಳಿ. ಅಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿತು. ಇಲ್ಲಿಯ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿದರೆ ಇಂಥ ಲೆನ್ಸಿನ ಕಥೆ ಮುಗಿದಂತೆ. ಮಾರನೆಯ ದಿನ ಮನೆಗೆ ಬೀಗ. ಇರುವುದು ಒಂದೇ ಸಂಜೆ.

ಕತ್ತಲಾಗುವ ಹೊತ್ತಿಗೆ ಗೂಡ್ಸ್ ಬಂತು. ಎಂಜಿನ್ನಿನ ದೀಪ ಲೆನ್ಸಿಗೆ ಬಿದ್ದದ್ದೇ ತಡ, ಚಿತ್ರದ ಈ ತುದಿಯಿಂದ ಆ ತುದಿಗೆ ತೆಳ್ಳನೆಯ ನೀಲಿ ಗೆರೆ ಎಳೆದಂತಾಯಿತು. ಒಂದೇ ದಿಕ್ಕಿಗೆ ಬಾಗಿದ ಗಾಜು ಬೆಳಕನ್ನೂ ಹೀಗೆ ಅಡ್ಡಡ್ಡಕ್ಕೇ ಹರಡುತ್ತದೆ. ಅಜ್ಜಿ ಕ್ಯಾಮೆರಾ ಮರೆತು ಹಳಿಯತ್ತ ತಿರುಗಿದರು.

“ಆಯಿ, ಈ ಕಡೆ ನೋಡ!” ಮೊಮ್ಮಗಳು ಕೂಗಿದಳು.

“ತಡಿ, ಎಣಸಾಕತ್ತೇನಿ” ಎಂದರು ಅಜ್ಜಿ. ಕೊನೆಯ ಡಬ್ಬಿ ದಾಟುವವರೆಗೂ ಕ್ಯಾಮೆರಾ ಓಡಿಸಿದೆ. ಐವತ್ತೆಂಟಂತೆ.