ಐದಡಿ ಎಂಟಡಿಯೊಳಗೊಂದು ಬಚ್ಚಲುಮನೆ

ಆಷಾಢದ ಮಳೆ ಹಿಡಿದರೆ ಶಿರಸಿ ಕಡೆಯ ಮನೆಗಳಲ್ಲಿ ಬೆಚ್ಚಗೆ ಉಳಿಯುವ ಜಾಗ ಒಂದೇ: ಬಚ್ಚಲೊಲೆಯ ಎದುರಿನ ಮೂರಡಿ ನೆಲ. ಅಂಗಳಕ್ಕೆ ಪಾಚಿ, ಗೋಡೆಗೆ ಥಂಡಿ, ಹಗ್ಗದ ಮೇಲೆ ನಾಲ್ಕು ದಿನದಿಂದ ಒಣಗದ ಬಟ್ಟೆ. ಕಂಬಳಿಕೊಪ್ಪೆ ಹೊದ್ದು ತೋಟದಿಂದ ಬಂದವರು ಉಂಬಳ ಕಚ್ಚಿದ ಕಾಲನ್ನು ಚಾಚುತ್ತಿದ್ದುದು ಆ ಒಲೆಯ ಮುಂದೆ. ಶಾಲೆಯಿಂದ ನೆನೆದು ಬಂದ ನಮ್ಮ ಚೀಲಗಳು ಆನಿಕೊಂಡಿರುತ್ತಿದ್ದುದೂ ಅಲ್ಲೇ. ಬೆಕ್ಕಂತೂ ಮಳೆಗಾಲ ಮುಗಿಯುವತನಕ ಆ ಜಾಗ ಬಿಡುತ್ತಿರಲಿಲ್ಲ.

ನಮ್ಮ ಬಚ್ಚಲುಮನೆ ಹಿತ್ತಿಲ ಬದಿಗೆ, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಮೊದಲು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಮೂಲೆಯಲ್ಲಿ ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ ಕಾಣುತ್ತಿತ್ತು. ಹೊಟ್ಟೆಯೆಲ್ಲ ಮಸಿ, ಕಂಠ ಮಾತ್ರ ಹೊಳಪು. ಒಲೆಯೊಳಗೆ ಅಡಿಕೆ ಸಿಪ್ಪೆ ಉರಿಯುವುದಕ್ಕಿಂತ ಹೆಚ್ಚಾಗಿ ಕನಲುತ್ತಿತ್ತು. ರಾತ್ರಿ ಒಂದು ದಪ್ಪ ಕುಂಟೆ ಒಟ್ಟಿ ಬೂದಿ ಮುಚ್ಚಿದರೆ ಬೆಳಗಿನ ಜಾವಕ್ಕೂ ಕೆಂಡ ಜೀವಂತ. ಮಾಡಿನ ಹಂಚುಗಳ ನಡುವೆ ಒಂದೇ ಒಂದು ಗಾಜಿನ ಹಂಚು. ಅದರಿಂದ ಇಳಿದ ಬಿಸಿಲುಕೋಲು ಹೊಗೆಯಲ್ಲಿ ಸಿಕ್ಕಿ, ಕೈಯಿಂದ ಹಿಡಿಯಬಹುದೇನೋ ಅನ್ನುವಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತು. ಕೆಳಗೆ ಸವೆದ ಕಲ್ಲುಹಾಸು, ಅದರ ಮೇಲೊಂದು ಮಣೆ, ಪಕ್ಕದಲ್ಲಿ ತಂಬಿಗೆ. ಮಿಂದ ನೀರು ಗೋಡೆಯ ಬುಡದ ಕಂಡಿಯಿಂದ ಹೊರಬಿದ್ದು ಕೆಸುವಿನ ಹಾಳಿಗೆ, ಅಲ್ಲಿಂದ ಬಾಳೆಯ ಬುಡಕ್ಕೆ ಹೋಗುತ್ತಿತ್ತು.

ರಾತ್ರಿ ಬಸ್ಸಿಳಿದು ಮನೆ ಸೇರಿದರೆ ಆಯಿ ಕ್ಷೇಮ ಸಮಾಚಾರ ಕೇಳುವ ಮೊದಲೇ ಹೇಳುವುದು, "ಬಿಸ್ನೀರ್ ಕಾದಿದ್ದು, ಮಿಂದ್ಕಂಡ್ ಬಾ." ಆ ಮೀಯುವುದರಲ್ಲಿ ಅವಸರವೇ ಇರಲಿಲ್ಲ. ಹಂಡೆಗೆ ತಂಬಿಗೆ ಅದ್ದಿದಾಗ ಬರುವ ಬುಳುಕ್ ಸದ್ದು, ಹೊಗೆಯ ವಾಸನೆ ಹತ್ತಿದ ನೀರು, ಹೆಗಲ ಮೇಲಿನಿಂದ ಬೆನ್ನಿಗೆ ಇಳಿಯುವ ಬಿಸಿ. ಎಷ್ಟು ಮಿಂದರೂ ನೀರು ಮುಗಿಯುವುದಿಲ್ಲ ಅನ್ನುವ ಭರವಸೆ.

ವರ್ಷಕ್ಕೊಮ್ಮೆ ಆ ಮಸಿಹಂಡೆಯೇ ದೇವರಾಗುತ್ತಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು ತಿಕ್ಕಿ ತೊಳೆದ ತಾಮ್ರ ಕೆಂಪಗೆ ಹೊಳೆಯುತ್ತದೆ. ಒಲೆಯ ಕಟ್ಟೆಗೆ ಕೆಮ್ಮಣ್ಣು, ಅದರ ಮೇಲೆ ಶೇಡಿಯ ಬಿಳಿ ಎಳೆ, ಹಂಡೆಯ ಕೊರಳಿಗೆ ಹಿಂಡಲಕಾಯಿಯ ಬಳ್ಳಿ. ಬೆಳಕು ಹರಿಯುವ ಮೊದಲೇ ಮಕ್ಕಳನ್ನು ಎಬ್ಬಿಸಿ ಸಾಲಾಗಿ ಮಣೆಯ ಮೇಲೆ ಕೂರಿಸಿ, ಅಂಗೈ ತುಂಬ ಎಣ್ಣೆ ಸುರಿದು ನೆತ್ತಿಗೆ ತಟ್ಟುತ್ತಿದ್ದರು. ಆಮೇಲೆ ಸೀಗೆಪುಡಿ. ಕೆಲವೊಮ್ಮೆ ಮತ್ತಿ ಸೊಪ್ಪನ್ನೋ ದಾಸವಾಳದ ಸೊಪ್ಪನ್ನೋ ಕಿವುಚಿ ತೆಗೆದ ಗೊಂಪು, ಕೈಯಿಂದ ಜಾರುವ ಹಸಿರು ಲೋಳೆ. ಸೀಗೆ ಕಣ್ಣಿಗೆ ಬಿದ್ದು ಉರಿದು ಅತ್ತದ್ದೂ ನೆನಪಿದೆ. ಆ ಅಳುವಿನ ಮೇಲೇ ಬಿಸಿನೀರು ಹುಯ್ಯುತ್ತ ಆಯಿ ನಗುತ್ತಿದ್ದದ್ದೂ ನೆನಪಿದೆ.

ಇದೆಲ್ಲ ಹಳ್ಳಿಯವರ ಬಡ ಸಂಭ್ರಮ ಎಂದುಕೊಳ್ಳಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸ್ನಾನಕ್ಕೆಂದೇ ಒಂದು ಭಾಗವಿದೆ. ಸ್ನಾನವನ್ನು ಅಲ್ಲಿ ಮನೆ, ತಾಂಬೂಲಗಳ ಸಾಲಿನಲ್ಲೇ ಬದುಕಿನ ಭೋಗಗಳಲ್ಲಿ ಒಂದೆಂದು ಎಣಿಸಲಾಗಿದೆ. ಮೈ ಸಡಿಲಿಸುವ ಸ್ನಾನಕ್ಕೆ ಈಗ ನಾವು ಸ್ಪಾ ಎಂಬ ಹೊರಗಿನ ಹೆಸರು ಹುಡುಕಿಕೊಂಡಿದ್ದೇವೆ. ಹೆಸರು ಹೊಸದು, ಆಸೆ ಈ ನೆಲದ್ದೇ.

ಬೆಂಗಳೂರಿನ ನನ್ನ ಫ್ಲ್ಯಾಟಿನ ಸ್ನಾನದ ಕೋಣೆ ಐದಡಿ ಅಗಲ, ಎಂಟಡಿ ಉದ್ದ. ಅದರಲ್ಲೇ ಕಮೋಡು, ಅದರಲ್ಲೇ ವಾಶ್ ಬೇಸಿನ್. ಕನ್ನಡಿಯಂತೆ ಮಿನುಗುವ ಬಿಳಿ ಟೈಲ್ಸ್, ಆಸ್ಪತ್ರೆಯಂಥ ಬಿಳಿ ಟ್ಯೂಬ್‌ಲೈಟ್. ಹನ್ನೆರಡು ವರ್ಷ ನಾನು ಅಲ್ಲಿ ಸ್ನಾನ ಮುಗಿಸಿದ್ದೇನೆಯೇ ಹೊರತು ಮಿಂದಿರಲಿಲ್ಲ. ಮೊದಲ ಸಲ ಬಂದ ಆಯಿ ಬಾಗಿಲಲ್ಲೇ ನಿಂತು, ಶವರನ್ನು ಮೇಲಿನಿಂದ ಕೆಳಗೆ ನೋಡಿ, "ಕೂರಲೆ ಒಂದ್ ಮಣೆ ಇಲ್ಯನಾ?" ಎಂದು ಕೇಳಿದರು. ಎಪ್ಪತ್ತು ದಾಟಿದ ಅವರು ನಯಸ್ಸಾದ ಟೈಲ್ಸಿನ ಮೇಲೆ ಗೋಡೆ ಹಿಡಿದು ಹೆಜ್ಜೆಯಿಡುವುದನ್ನು ನೋಡಿದ ದಿನವೇ ಆ ಕೋಣೆಯನ್ನು ಬದಲಿಸಬೇಕು ಅನ್ನಿಸಿತು.

ಮೊದಲು ಬಂದದ್ದು ಮಣೆ. ಹಲಸಿನ ಮರದ್ದು, ನೆಲದಿಂದ ಒಂದಡಿ ಎತ್ತರ; ಮೊಣಕಾಲು ನೋಯುವವರೂ ಕೂತು ಏಳಬಹುದು. ಕೂತು ಮೀಯುವುದರಲ್ಲೇ ಅರ್ಧ ವಿಶ್ರಾಂತಿಯಿದೆ ಎಂದು ಈಗ ಖಾತ್ರಿಯಾಗಿ ಹೇಳಬಲ್ಲೆ. ನಿಂತ ಮೈ ಸದಾ ಹೊರಡುವ ತಯಾರಿಯಲ್ಲಿರುತ್ತದೆ. ಬಿಳಿ ಟೈಲ್ಸ್ ಕಿತ್ತು ಪಾಲಿಶ್ ಮಾಡದ ಶಹಾಬಾದ್ ಕಲ್ಲು ಹಾಕಿಸಿದೆ. ಕಲಬುರಗಿ ಜಿಲ್ಲೆಯ ಈ ಬೂದುಬಣ್ಣದ ಕಲ್ಲು ಅಂಗಾಲಿಗೆ ಹಿಡಿತ ಕೊಡುತ್ತದೆ. ಇದು ಸುಣ್ಣಕಲ್ಲಿನ ಜಾತಿಯಾದ್ದರಿಂದ ಬಾತ್‌ರೂಮ್ ತೊಳೆಯುವ ಆಸಿಡ್ ತಗಲಿದರೆ ಸುಟ್ಟಂತಾಗಿ ಕೊರೆದುಹೋಗುತ್ತದೆ. ಬರೀ ಸೋಪಿನ ನೀರು, ತೆಂಗಿನ ನಾರು ಸಾಕು.

ಟ್ಯೂಬ್‌ಲೈಟಿನ ಜಾಗಕ್ಕೆ ಹಳದಿ ಬೆಳಕಿನ ಸಣ್ಣ ಬಲ್ಬು. ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ಅದು ಮಟಮಟ ಮಧ್ಯಾಹ್ನ, 2700 ಎಂದಿದ್ದರೆ ದೀಪ ಹಚ್ಚುವ ಹೊತ್ತು. ಅದನ್ನು ತಲೆಯ ಮೇಲೆ ಹಾಕದೆ ಕನ್ನಡಿಯ ಹಿಂಬದಿಗೆ, ಗೋಡೆಗೆ ಬಡಿದು ಬರುವಂತೆ ಹಾಕಿಸಿದೆ. ಗುಂಡಿ ಒತ್ತಿದರೆ ಕೋಣೆಗೆ ಒಲೆಯ ಮುಂದಿನ ಬಣ್ಣ ಬರುತ್ತದೆ. ಇಷ್ಟು ದುಡ್ಡಿಗೆ ಇಷ್ಟು ದೊಡ್ಡ ಬದಲಾವಣೆ ಇನ್ನಾವುದರಿಂದಲೂ ಸಿಗಲಿಲ್ಲ.

ಬಾತ್‌ಟಬ್ ಇಡಿಸಿ ಎಂದು ಹೇಳಿದವರು ಹಲವರು. ಒಮ್ಮೆ ಟಬ್ ತುಂಬಲು ನೂರೈವತ್ತು ಲೀಟರಿಗೂ ಹೆಚ್ಚು ನೀರು ಬೇಕು. ಬೆಂಗಳೂರಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರವನ್ನು, ಸುಮಾರು ಐನೂರು ಮೀಟರ್ ಎತ್ತರವನ್ನು ಪಂಪುಗಳ ಬಲದಿಂದ ಹತ್ತಿ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದದ್ದನ್ನು ಕಂಡಿದ್ದೇನೆ. ಅಷ್ಟು ದೂರದಿಂದ ಬಂದ ನೀರಿನಲ್ಲಿ ಒಬ್ಬನೇ ಮುಳುಗಿ ಕೂರುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಇಪ್ಪತ್ತು ಲೀಟರಿನ ಎರಡು ಬಕೆಟ್ ಬಿಸಿನೀರು, ಒಂದು ತಾಮ್ರದ ತಂಬಿಗೆ, ಅರ್ಧ ಗಂಟೆ ಬಿಡುವು ಇದ್ದರೆ ಮೈಗೆ ಬೇಕಾದ್ದೆಲ್ಲ ಸಿಗುತ್ತದೆ. ತಂಬಿಗೆಯ ಸ್ನಾನದಲ್ಲಿ ಒಂದು ಲಯವಿದೆ: ಅದ್ದು, ಎತ್ತು, ಹುಯ್ಯು, ತುಸು ನಿಲ್ಲು. ಆ ನಿಲ್ಲುವ ಕ್ಷಣದಲ್ಲೇ ಹೆಗಲು ಇಳಿಯುತ್ತದೆ.

ಹೊಗೆಯನ್ನು ಫ್ಲ್ಯಾಟಿಗೆ ತರಲಾಗದು. ಅದರ ಬದಲು ಲಾವಂಚದ ಒಂದು ಹಿಡಿ ಬೇರನ್ನು ದಾರದಲ್ಲಿ ಕಟ್ಟಿ ಬಿಸಿನೀರಿನ ಬಕೆಟ್ಟಿಗೆ ಬಿಡುತ್ತೇವೆ. ಹತ್ತು ನಿಮಿಷದಲ್ಲಿ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಏಳುತ್ತದೆ. ಬಿಸಿಲಿಗೆ ಒಣಗಿಸಿಟ್ಟರೆ ಅದೇ ಕಟ್ಟು ಹಲವು ಸಲ ಬಳಕೆಗೆ ಬರುತ್ತದೆ. ಅಂಗಡಿಯ ಸುಗಂಧದ ಮೇಣದಬತ್ತಿಗಳನ್ನೂ ಹಚ್ಚಿ ನೋಡಿದೆ; ಸೀಗೆಪುಡಿಯ ಘಾಟಿನೊಂದಿಗೆ ಅವು ಕೂಡಲಿಲ್ಲ. ಒರೆಸಿಕೊಳ್ಳಲು ಕೈಮಗ್ಗದ ಪಾಣಿಪಂಚೆ: ನೀರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಮುಗ್ಗಲು ಹಿಡಿಯುವುದಿಲ್ಲ. ಕಿಟಕಿಯ ಕಟ್ಟೆಯಲ್ಲಿ ಬಾಟಲಿಯೊಳಗೆ ಮನಿಪ್ಲಾಂಟ್ ಬಳ್ಳಿ ಇಟ್ಟಿದ್ದೇವೆ. ಅದು ಕೆಸುವಿನ ಕುಟುಂಬದ್ದೇ ಸಸ್ಯ. ಊರಿನ ಬಚ್ಚಲ ಹಿಂದಿನ ಹಸಿರಿನ ನೆಂಟ ಎಂದು ಗೊತ್ತಾದ ಮೇಲೆ ಅದರ ಮೇಲೆ ಪ್ರೀತಿ ಹೆಚ್ಚಾಗಿದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಹಳೆಯ ಬಚ್ಚಲಿನಲ್ಲಿ ಬೆಂಕಿಯಿದ್ದರೂ ಹಂಚಿನ ಸಂದುಗಳಿಂದ ಹೊಗೆ ಹೊರಗೆ ಹೋಗುತ್ತಿತ್ತು. ಈಗಿನ ಕೋಣೆಗೆ ಸಂದೇ ಇಲ್ಲ. ಅಂಥ ಕಡೆ ಗ್ಯಾಸ್ ಗೀಸರ್ ಇಟ್ಟು ಕಿಟಕಿ ಮುಚ್ಚಿ ಸ್ನಾನಕ್ಕೆ ಕೂತರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆ ಸುತ್ತುವಷ್ಟರಲ್ಲಿ ಏಳಲು ಕಾಲಿಗೆ ಬಲವಿರುವುದಿಲ್ಲ. ಹೀಗೆ ಜೀವಗಳೇ ಹೋಗಿವೆ. ಗ್ಯಾಸ್ ಗೀಸರ್ ಬಾಲ್ಕನಿಯಲ್ಲಿರಲಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಹೋದ ದೀಪಾವಳಿಗೆ ಆಯಿ ಇಲ್ಲಿಗೇ ಬಂದರು. ಹಂಡೆ ಇರಲಿಲ್ಲ, ಬಕೆಟ್ಟಿಗೇ ಶೇಡಿಯ ಬದಲು ಸುಣ್ಣದ ಎರಡು ಎಳೆ ಎಳೆದು, ಹಿಂಡಲಕಾಯಿ ಸಿಗದೆ ಮನಿಪ್ಲಾಂಟಿನ ಬಳ್ಳಿಯನ್ನೇ ಸುತ್ತಿದರು. ಬೆಳಗಿನ ಐದು ಗಂಟೆಗೆ ಹಳದಿ ದೀಪದ ಕೆಳಗೆ ನನ್ನ ಮಗಳು ಹಲಸಿನ ಮಣೆಯ ಮೇಲೆ ಕೂತಿದ್ದಳು. ಆಯಿ ಅವಳ ನೆತ್ತಿಗೆ ಎಣ್ಣೆ ತಟ್ಟಿದರು, ಬೆನ್ನು ತಿಕ್ಕಿದರು, ತಂಬಿಗೆಯಿಂದ ನೀರು ಹುಯ್ದರು. ಆವಿ ಕನ್ನಡಿಯನ್ನು ಮುಚ್ಚಿತು. ಸೀಗೆಪುಡಿ ಕಣ್ಣಿಗೆ ಬಿತ್ತು, ಅವಳು ಕೂಗಿದಳು, ಆಯಿ ನಕ್ಕರು. ಮಿಂದು ಬಂದ ಮಗು ಪಾಣಿಪಂಚೆ ಸುತ್ತಿಕೊಂಡು ಸೋಫಾದ ಮೇಲೆಯೇ ನಿದ್ದೆಹೋಯಿತು. ಬಿಸಿನೀರಿಗೆ ರಕ್ತ ಚರ್ಮದ ಹತ್ತಿರ ಹರಿದು ಬರುತ್ತದೆ, ಮಿಂದ ಮೇಲೆ ಮೈಯ ಒಳಗಿನ ಕಾವು ಮೆಲ್ಲಗೆ ಇಳಿಯುತ್ತದೆ, ಆ ಇಳಿತವೇ ನಿದ್ದೆಯನ್ನು ಕರೆಯುತ್ತದೆ.

ನಿಮ್ಮ ಮನೆಯಲ್ಲೂ ಬರುವ ಶನಿವಾರ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮೊಬೈಲನ್ನು ಹೊರಗಿಟ್ಟು, ಒಂದು ಮಣೆ ಹಾಕಿ, ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ. ಮನೆಯ ಹಿರಿಯರನ್ನು ಮೊದಲು ಕೂರಿಸಿ, ಅವರ ನೆತ್ತಿಗೆ ನೀವೇ ಎಣ್ಣೆ ಹಚ್ಚಿ.